15ರ ಹುಡುಗನಿಗೆ 200ರಲ್ಲಿ ಎಷ್ಟು ಅಂಕ?

ಇಶಾ ನಮಾಝ್ ಮುಗಿದು, ಊಟವಾಗಿ, ಮನೆಯ ಗದ್ದಲ ತಣ್ಣಗಾಗುವ ಹೊತ್ತಿಗೆ ಕಾಲೇಜಿಗೆ ಹೋಗುವ ಹುಡುಗ ಲ್ಯಾಪ್‌ಟಾಪ್ ತೆರೆದು ಕೂರುತ್ತಾನೆ. ಉಮ್ಮ ಇಣುಕಿ ನೋಡಿದರೆ ಪರದೆ ತುಂಬ ಹೆಸರುಗಳ ಪಟ್ಟಿ, ಪಕ್ಕದಲ್ಲಿ ಸಾಲು ಸಾಲು ಅಂಕಿ, ಇನ್ನೊಂದು ಕಡೆ ಸಂಬಳದ ಲೆಕ್ಕ. ಏನೋ ಅಕೌಂಟ್ಸ್ ಓದುತ್ತಿದ್ದಾನೆ ಎಂದುಕೊಂಡು ಚಾ ಇಟ್ಟು ಹೋಗುತ್ತಾರೆ. ಅದು ಆಟ ಎಂದು ಗೊತ್ತಾಗುವುದು ಎಷ್ಟೋ ದಿನದ ಮೇಲೆ. ‘ಬಾಲೂ ಇಲ್ಲ, ಓಡುವುದೂ ಇಲ್ಲ, ಇದೆಂತ ಫುಟ್‌ಬಾಲ್?’ ಎಂಬ ಪ್ರಶ್ನೆ ಆಗ ಬರುತ್ತದೆ.

ಆಟದ ಹೆಸರು ‘ಫುಟ್‌ಬಾಲ್ ಮ್ಯಾನೇಜರ್’. ಮನೆಯಲ್ಲಿ ಮಕ್ಕಳು ಟಿವಿಗೆ ಹಚ್ಚಿ ಬಟನ್ ಒತ್ತಿ ಗೋಲು ಹೊಡೆಯುವ ಆಟಗಳ ಜಾತಿಯದ್ದಲ್ಲ ಇದು. ಇದರಲ್ಲಿ ಆಡುವವನು ಆಟಗಾರನಲ್ಲ, ತಂಡದ ಮ್ಯಾನೇಜರ್. ಯಾರನ್ನು ಕೊಳ್ಳಬೇಕು, ಯಾರನ್ನು ಮಾರಬೇಕು, ಸಂಬಳ ಎಷ್ಟು, ತರಬೇತಿ ಯಾವುದು, ಯಾರು ಹನ್ನೊಂದರಲ್ಲಿ, ಯಾರು ಬೆಂಚಿನಲ್ಲಿ ಎಂಬುದನ್ನೆಲ್ಲ ಅವನೇ ತೀರ್ಮಾನಿಸಬೇಕು. ಪಂದ್ಯ ಶುರುವಾದ ಮೇಲೆ ಗೆರೆಯ ಹೊರಗೆ ನಿಂತು ಸೂಚನೆ ಕೊಡಬಹುದು, ಆಟಗಾರರನ್ನು ಬದಲಾಯಿಸಬಹುದು, ತಾನೇ ಬಾಲ್ ಒದೆಯಲಿಕ್ಕಿಲ್ಲ. ಸೋತರೆ ಪತ್ರಕರ್ತರು ಪ್ರಶ್ನೆ ಕೇಳುತ್ತಾರೆ, ಬೆಂಚಿನಲ್ಲಿ ಕೂತವನು ಮುಖ ಊದಿಸಿಕೊಳ್ಳುತ್ತಾನೆ, ಮತ್ತೂ ಸೋತರೆ ಕ್ಲಬ್ಬಿನವರು ಕೆಲಸದಿಂದ ತೆಗೆಯುತ್ತಾರೆ. ಹುಡುಗ ರಾತ್ರಿ ಒಂದು ಗಂಟೆಗೆ ತಲೆಗೆ ಕೈಕೊಟ್ಟು ಕೂತಿದ್ದರೆ ಪರೀಕ್ಷೆಯ ಚಿಂತೆ ಎಂದು ಭಾವಿಸಬೇಕಾಗಿಲ್ಲ, ಕೆಲಸ ಹೋಗಿರಲೂಬಹುದು.

ನಗು ಬರುವ ವಿಷಯವೇ ಹೌದು. ಆದರೆ ಈ ಆಟದ ಒಳಗೆ ಒಂದು ಗಂಭೀರ ಸಂಗತಿ ಉಂಟು. ಹದಿನೈದು, ಹದಿನಾರು ವರ್ಷದ ನಿಜವಾದ ಹುಡುಗರಿಗೆ ಇದು ಅಂಕ ಕೊಡುತ್ತದೆ. ಈಗ ಹೇಗೆ ಆಡುತ್ತಾನೆ ಎಂಬುದಕ್ಕೆ ಒಂದು ಅಂಕ, ಮುಂದೆ ಎಲ್ಲಿಗೆ ತಲುಪಬಹುದು ಎಂಬುದಕ್ಕೆ ಇನ್ನೊಂದು. ಮಕ್ಕಳ ಮುಂದಿನ ದಾರಿಯನ್ನು ಅಂಕಿಯಲ್ಲಿ ಅಳೆಯುವ ಅಭ್ಯಾಸ ನಮ್ಮ ಮನೆಗಳಲ್ಲಿ ಕಡಿಮೆ ಏನಲ್ಲ. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ನೋಡುವಾ.

ಮಲಗುವ ಕೋಣೆಯಲ್ಲಿ ಶುರುವಾದದ್ದು

ಇಂಗ್ಲೆಂಡಿನ ಶ್ರಾಪ್‌ಶೈರ್ ಎಂಬ ಹಳ್ಳಿಗಾಡಿನ ಪ್ರದೇಶದ ಪಾಲ್ ಕಾಲ್ಯರ್ ಮತ್ತು ಆಲಿವರ್ ಕಾಲ್ಯರ್ ಎಂಬ ಅಣ್ಣತಮ್ಮಂದಿರು ಫುಟ್‌ಬಾಲ್ ಹುಚ್ಚಿನವರು. ಆಗ ಸಿಗುತ್ತಿದ್ದ ಮ್ಯಾನೇಜರ್ ಆಟಗಳು ಅವರಿಗೆ ರುಚಿಸಲಿಲ್ಲ. ತಾವೇ ಮನೆಯಲ್ಲಿ ಕೂತು ಪ್ರೋಗ್ರಾಂ ಬರೆದರು. ಅದು 1992ರಲ್ಲಿ ಡೊಮಾರ್ಕ್ ಎಂಬ ಕಂಪೆನಿಯ ಮೂಲಕ ‘ಚಾಂಪಿಯನ್‌ಶಿಪ್ ಮ್ಯಾನೇಜರ್’ ಎಂಬ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಆ ಮೊದಲ ಆಟದಲ್ಲಿ ಕ್ಲಬ್ಬುಗಳು ನಿಜ, ಆಟಗಾರರ ಹೆಸರು ಮಾತ್ರ ಕಟ್ಟಿದ್ದು. ಮರುವರ್ಷದಿಂದ ನಿಜವಾದ ಆಟಗಾರರ ಹೆಸರು ಸೇರಿತು. ಜನ ಮುಗಿಬಿದ್ದದ್ದು ಆಮೇಲೆ. ತಾನು ಶನಿವಾರ ಸ್ಟೇಡಿಯಂನಲ್ಲಿ ನೋಡುವ ಆಟಗಾರನನ್ನು ಭಾನುವಾರ ತಾನೇ ಕೊಂಡು ಆಡಿಸಬಹುದು ಎಂದರೆ ಯಾರಿಗೆ ಬೇಡ?

1994ರಲ್ಲಿ ಸಹೋದರರು ಸ್ಪೋರ್ಟ್ಸ್ ಇಂಟರಾಕ್ಟಿವ್ ಎಂಬ ಸ್ವಂತ ಸಂಸ್ಥೆ ಮಾಡಿಕೊಂಡರು. ಡೊಮಾರ್ಕ್ ಹೋಗಿ ಐಡೋಸ್ ಬಂತು. ಹತ್ತು ವರ್ಷ ಹೀಗೆ ನಡೆದ ಮೇಲೆ ಮಾಡುವವರಿಗೂ ಮಾರುವವರಿಗೂ ಬೇರೆಯಾಯಿತು. ಹೋಟೆಲ್ ಪಾಲಾಗುವುದನ್ನು ನಾವು ಎಷ್ಟು ನೋಡಿಲ್ಲ! ಒಬ್ಬನಿಗೆ ಬೋರ್ಡು, ಇನ್ನೊಬ್ಬನಿಗೆ ಅಡುಗೆಯವರು. ಇಲ್ಲೂ ಹಾಗೆಯೇ. ‘ಚಾಂಪಿಯನ್‌ಶಿಪ್ ಮ್ಯಾನೇಜರ್’ ಎಂಬ ಹೆಸರು ಐಡೋಸ್ ಪಾಲಿಗೆ ಹೋಯಿತು, ಆಟದ ಪ್ರೋಗ್ರಾಂ ಮತ್ತು ಆಟಗಾರರ ಮಾಹಿತಿ ಭಂಡಾರ ಸಹೋದರರ ಸಂಸ್ಥೆಯಲ್ಲಿ ಉಳಿಯಿತು. ಅವರು ಸೆಗಾ ಜೊತೆ ಸೇರಿ 2004ರ ಕೊನೆಗೆ ಅದೇ ಆಟವನ್ನು ‘ಫುಟ್‌ಬಾಲ್ ಮ್ಯಾನೇಜರ್ 2005’ ಎಂದು ತಂದರು. ಗಿರಾಕಿಗಳು ಬೋರ್ಡು ನೋಡಲಿಲ್ಲ, ರುಚಿ ನೋಡಿ ಹೋದರು. ಹಳೆಯ ಹೆಸರಿನ ಅಂಗಡಿ ಕೆಲವು ವರ್ಷಗಳಲ್ಲಿ ತಣ್ಣಗಾಯಿತು. 2006ರಲ್ಲಿ ಸೆಗಾ ಆ ಸಂಸ್ಥೆಯನ್ನೇ ಕೊಂಡಿತು.

ಅಂಕಿ ಬರೆಯುವವರು ಯಾರು?

ಇಲ್ಲಿಂದ ಮುಂದಿನದ್ದೇ ನಮಗೆ ಮುಖ್ಯ ಎನಿಸಿದ್ದು.

ಆಟದಲ್ಲಿ ಒಬ್ಬ ಆಟಗಾರನ ಪುಟ ತೆರೆದರೆ ಮೂವತ್ತಕ್ಕೂ ಹೆಚ್ಚು ಗುಣಗಳ ಪಟ್ಟಿ ಕಾಣುತ್ತದೆ. ಪ್ರತಿಯೊಂದಕ್ಕೂ 1ರಿಂದ 20ರೊಳಗೆ ಅಂಕ. ಪಾಸ್, ಹೆಡ್ಡಿಂಗ್, ವೇಗ, ದಮ್ಮು ಇವೆಲ್ಲ ಕಣ್ಣಿಗೆ ಕಾಣುವಂಥವು. ಧೈರ್ಯ, ಛಲ, ಏಕಾಗ್ರತೆ, ಸರಿಯಾದ ಹೊತ್ತಿಗೆ ಸರಿಯಾದ ನಿರ್ಧಾರ ಇವಕ್ಕೂ ಅಂಕ ಉಂಟು. ಇವಲ್ಲದೆ ಆಡುವವನಿಗೆ ತೋರಿಸದೆ ಒಳಗೆ ಬಚ್ಚಿಟ್ಟ ಅಂಕಗಳೂ ಇವೆ. ದೊಡ್ಡ ಪಂದ್ಯದಲ್ಲಿ ಕೈಕೊಡುತ್ತಾನಾ, ವಾರ ವಾರ ಒಂದೇ ರೀತಿ ಆಡುತ್ತಾನಾ, ಪದೇ ಪದೇ ಗಾಯಗೊಳ್ಳುವ ಮೈಯಾ ಎಂಬಂಥವು. ಎಲ್ಲದರ ಮೇಲೆ ಎರಡು ದೊಡ್ಡ ಅಂಕಗಳು, ಎರಡೂ 200ಕ್ಕೆ. ಒಂದು ಇವತ್ತಿನ ಸಾಮರ್ಥ್ಯ, ಇನ್ನೊಂದು ಆತ ಏರಬಹುದಾದ ಗರಿಷ್ಠ ಎತ್ತರ.

ಲಕ್ಷಾಂತರ ಆಟಗಾರರಿಗೆ ಇಷ್ಟೆಲ್ಲ ಅಂಕ ಕೊಡುವವರು ಯಾರು? ಲಂಡನ್ನಿನಲ್ಲಿ ಕೂತ ಯಂತ್ರವಲ್ಲ. ಜಗತ್ತಿನಾದ್ಯಂತ ಹರಡಿರುವ ಸಾವಿರಕ್ಕೂ ಹೆಚ್ಚು ಸಂಶೋಧಕರು. ಸಂಶೋಧಕ ಎಂದ ಕೂಡಲೇ ಕೋಟು ಹಾಕಿದವರನ್ನು ನೆನೆಯಬೇಡಿ. ಹೆಚ್ಚಿನವರು ಆಯಾ ಊರಿನ ಕ್ಲಬ್ಬಿನ ಕಟ್ಟಾ ಅಭಿಮಾನಿಗಳು. ಹಗಲು ಬೇರೆ ಕೆಲಸ, ವಾರಾಂತ್ಯಕ್ಕೆ ಮೈದಾನ. ಮಳೆಯಲ್ಲಿ ನೂರಿನ್ನೂರು ಜನ ಸೇರುವ ಕೆಳಹಂತದ ಪಂದ್ಯಕ್ಕೂ ಹೋಗಿ, ಯುವ ತಂಡದ ಎಡಬದಿಯಲ್ಲಿ ಆಡುವ ಹುಡುಗನ ಕ್ರಾಸ್ ಹೇಗಿದೆ ಎಂದು ಬರೆದುಕೊಂಡು ಬರುತ್ತಾರೆ. ಆ ದೇಶದ ಮುಖ್ಯ ಸಂಶೋಧಕ ಎಲ್ಲವನ್ನೂ ಒಟ್ಟು ಮಾಡಿ ತೂಗಿ ನೋಡಿ ಕಳಿಸುತ್ತಾನೆ. ತನ್ನ ಕ್ಲಬ್ಬಿನ ಹುಡುಗನಿಗೆ ಎರಡು ಅಂಕ ಜಾಸ್ತಿ ಹಾಕುವ ಆಸೆ ಯಾವ ಅಭಿಮಾನಿಗೆ ಇಲ್ಲ ಹೇಳಿ? ಅದನ್ನು ಹಿಡಿಯುವುದೂ ಮುಖ್ಯ ಸಂಶೋಧಕನ ಕೆಲಸ.

ಒಮ್ಮೆ ಹಿಡಿಯಲಿಕ್ಕೆ ಆಗಲಿಲ್ಲ. 2001ರಲ್ಲಿ ಬಂದ ‘ಚಾಂಪಿಯನ್‌ಶಿಪ್ ಮ್ಯಾನೇಜರ್ 01/02’ರಲ್ಲಿ ಪೋರ್ಚುಗಲ್‌ನ ಗೌವೆಯಾ ಎಂಬ ಸಣ್ಣ ಕ್ಲಬ್ಬಿನಲ್ಲಿ ಟೊ ಮಡೈರಾ ಎಂಬ ಸ್ಟ್ರೈಕರ್ ಇದ್ದ. ಜಗತ್ತಿನಲ್ಲಿ ಅವನಷ್ಟು ಗೋಲು ಹೊಡೆಯುವವನಿಲ್ಲ. ಎಲ್ಲರೂ ಅವನನ್ನೇ ಕೊಂಡರು. ಆಮೇಲೆ ನೋಡಿದರೆ ಅಂಥ ಆಟಗಾರನೇ ಇಲ್ಲ! ಅಲ್ಲಿನ ಸಂಶೋಧಕನೊಬ್ಬ ಸುಮ್ಮನೆ ಸೃಷ್ಟಿಸಿ ಸೇರಿಸಿದ್ದ. ಮುಂದೆ ತಿದ್ದುಪಡಿ ಮಾಡಿ ಅವನನ್ನು ಅಳಿಸಿದರು.

ಆಟದಲ್ಲಿ ರಾಜ, ಬದುಕಿನಲ್ಲಿ?

ಇಲ್ಲದ ಮನುಷ್ಯನಿಗೆ ಅಂಕ ಕೊಟ್ಟರೆ ನಗಬಹುದು. ಇರುವ ಹುಡುಗನಿಗೆ ಹೆಚ್ಚು ಕೊಟ್ಟರೆ ಎಂತಾಗುತ್ತದೆ ಎಂಬುದಕ್ಕೆ ಅದೇ ಆಟದಲ್ಲಿ ಮೂವರು ಉದಾಹರಣೆ ಸಿಗುತ್ತಾರೆ.

ಚೆರ್ನೊ ಸಂಬಾ ಗಾಂಬಿಯಾದ ಬಾಂಜುಲ್‌ನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಬೆಳೆದವರು. ಶಾಲೆಯ ಪಂದ್ಯಗಳಲ್ಲಿ ರಾಶಿ ರಾಶಿ ಗೋಲು ಹೊಡೆದು ಮಿಲ್ವಾಲ್ ಕ್ಲಬ್ಬಿನ ಯುವ ತಂಡಕ್ಕೆ ಬಂದರು. ಲಿವರ್‌ಪೂಲ್ ಕಣ್ಣು ಹಾಕಿದೆ ಎಂದು ಪತ್ರಿಕೆಗಳು ಬರೆದವು. 01/02ರ ಆಟದಲ್ಲಿ ಅವರನ್ನು ಕೊಂಡವನಿಗೆ ಕೆಲವೇ ವರ್ಷಗಳಲ್ಲಿ ವಿಶ್ವದ ಶ್ರೇಷ್ಠ ಸ್ಟ್ರೈಕರ್ ಗ್ಯಾರಂಟಿ. ನಿಜದಲ್ಲಿ ಮಿಲ್ವಾಲ್‌ನ ಮೊದಲ ತಂಡದಲ್ಲಿ ಅವರಿಗೆ ಜಾಗ ಗಟ್ಟಿಯಾಗಲಿಲ್ಲ. ಸ್ಪೇನ್, ಪ್ಲಿಮತ್, ಫಿನ್ಲೆಂಡ್, ಗ್ರೀಸ್, ನಾರ್ವೆ ಎಂದು ತಿರುಗಿದರು. ಗಾಂಬಿಯಾ ದೇಶದ ಅಂಗಿ ತೊಟ್ಟರು. ಅದು ಸಣ್ಣ ಸಾಧನೆ ಏನಲ್ಲ. ಆದರೆ ಹೋದಲ್ಲೆಲ್ಲ ಜನ ಕೇಳುತ್ತಿದ್ದದ್ದು ಆಟದ ಒಳಗಿನ ಸಂಬಾನನ್ನು.

ಟೊಂಟೊನ್ ಜೋಲಾ ಮುಕೋಕೊ ಎಂಬ ಹೆಸರನ್ನು ಆ ಕಾಲದಲ್ಲಿ ಆಟ ಆಡಿದವರು ಇಂದಿಗೂ ಮರೆತಿಲ್ಲ. ಕಾಂಗೊದಲ್ಲಿ ಹುಟ್ಟಿ ಸ್ವೀಡನ್ನಿನಲ್ಲಿ ಬೆಳೆದ ಹುಡುಗ. ಇಂಗ್ಲೆಂಡಿನ ಡರ್ಬಿ ಕ್ಲಬ್ಬಿನ ಯುವ ತಂಡದಲ್ಲಿದ್ದ. ಆಟದಲ್ಲಿ ಅವನು ಮಾಡದ ಚಮತ್ಕಾರ ಇಲ್ಲ. ನಿಜದಲ್ಲಿ ಡರ್ಬಿಯ ಮೊದಲ ತಂಡಕ್ಕೆ ಒಂದು ಪಂದ್ಯವನ್ನೂ ಆಡಲಿಲ್ಲ. ಮನೆಯಲ್ಲಿ ಸಾವು ನೋವು ಬಂದು ಅವನು ಸ್ವೀಡನ್ನಿಗೆ ಮರಳಿದ. ಅಣ್ಣ ತೀರಿಹೋದರೆ ಹುಡುಗನ ಕಾಲು ಎಷ್ಟು ಭಾರವಾಗುತ್ತದೆ ಎಂಬುದಕ್ಕೆ ಯಾವ ಪಟ್ಟಿಯಲ್ಲಿ ಕಾಲಂ ಉಂಟು?

ಮೂರನೆಯವರದ್ದು ಎಲ್ಲಕ್ಕಿಂತ ಬೇಸರ ತರಿಸುವ ಕತೆ. ಮಾಕ್ಸಿಂ ತ್ಸಿಗಾಲ್ಕೊ, ಬೆಲಾರುಸ್ ದೇಶದವರು, ಡೈನಮೊ ಮಿನ್ಸ್ಕ್ ತಂಡದ ಸ್ಟ್ರೈಕರ್. 01/02ರ ಆಟದಲ್ಲಿ ಸ್ವಲ್ಪ ದುಡ್ಡಿಗೆ ಸಿಗುತ್ತಿದ್ದರು, ಋತುವೊಂದರಲ್ಲಿ ಲೆಕ್ಕ ತಪ್ಪುವಷ್ಟು ಗೋಲು ಹೊಡೆಯುತ್ತಿದ್ದರು. ಇಂಗ್ಲೆಂಡಿನಿಂದ ಇಂಡಿಯಾದವರೆಗೆ ಲಕ್ಷಾಂತರ ಹುಡುಗರು ಅವರಿಂದಾಗಿ ಕಪ್ ಗೆದ್ದರು, ಕಂಪ್ಯೂಟರಿನಲ್ಲಿ. ನಿಜವಾದ ತ್ಸಿಗಾಲ್ಕೊ ಕೆಟ್ಟ ಆಟಗಾರರೇನಲ್ಲ, ತಮ್ಮ ದೇಶದ ಲೀಗ್ ಗೆದ್ದ ತಂಡದಲ್ಲಿದ್ದವರು. ಆದರೆ ಗಾಯದ ಮೇಲೆ ಗಾಯ. ಮೂವತ್ತು ತುಂಬುವ ಮೊದಲೇ ಆಟ ನಿಲ್ಲಿಸಬೇಕಾಯಿತು. ಆಮೇಲೆ ಹಣದ ಕಷ್ಟ. 2020ರ ಡಿಸೆಂಬರ್‌ನಲ್ಲಿ ತೀರಿಕೊಂಡರು, ವಯಸ್ಸು 37. ಸುದ್ದಿ ಬಂದಾಗ ಅವರನ್ನು ಒಮ್ಮೆಯೂ ಮೈದಾನದಲ್ಲಿ ನೋಡದ ಜನ ದೇಶ ದೇಶಗಳಲ್ಲಿ ದುಃಖಪಟ್ಟರು. ಆ ಹಳೆಯ ಆಟವನ್ನು ಈಗಲೂ ಆಡುವವರಿದ್ದಾರೆ, ಅದರಲ್ಲಿ ಅವರಿಗೆ ಈಗಲೂ ಹದಿನೆಂಟು.

ಈ ಮೂವರಿಗೂ ಆಟ ಅನ್ಯಾಯ ಮಾಡಿತು ಎಂದು ನಾವು ಹೇಳುವುದಿಲ್ಲ. ಅಂಕ ಬರೆದವನು ಮೈದಾನದಲ್ಲಿ ಕಂಡದ್ದನ್ನೇ ಬರೆದ. ಹದಿನಾರರ ಕಾಲುಗಳಲ್ಲಿ ಅವನಿಗೆ ಏನೋ ಕಂಡಿತು, ಅದು ಸುಳ್ಳೂ ಅಲ್ಲ. ಆದರೆ ಮೊಣಕಾಲು, ಮನೆ, ಹೊಸ ಕೋಚ್, ಪರದೇಶದ ಒಂಟಿತನ ಇವೆಲ್ಲ ಮುಂದೆ ಬರಬೇಕಾದವು. ಅವನ ಪುಸ್ತಕದಲ್ಲಿ ಅದಕ್ಕೆ ಜಾಗ ಇರಲಿಲ್ಲ.

ಆಟ ಮಾಡುವವರಿಗೂ ಇದು ಗೊತ್ತು. ಆದ್ದರಿಂದ ಅವರು ಒಂದು ಉಪಾಯ ಮಾಡಿದ್ದಾರೆ, ಅದು ನಮಗೆ ಬಹಳ ಹಿಡಿಸಿತು. ಎಳೆಯ ಆಟಗಾರರ ‘ಮುಂದಿನ ಎತ್ತರ’ಕ್ಕೆ ಹಲವು ಸಲ ಒಂದೇ ಅಂಕ ಬರೆಯುವುದಿಲ್ಲ. ಬದಲಿಗೆ ಮೈನಸ್ ಚಿಹ್ನೆಯ ಒಂದು ಸಂಕೇತ ಬರೆಯುತ್ತಾರೆ. ಅದರ ಅರ್ಥ ಇಂತಿಷ್ಟರಿಂದ ಇಂತಿಷ್ಟರೊಳಗೆ ಎಂದು. ಹೊಸದಾಗಿ ಆಟ ಶುರು ಮಾಡಿದಾಗಲೆಲ್ಲ ಕಂಪ್ಯೂಟರ್ ಅದರೊಳಗೆ ಒಂದು ಅಂಕ ಆರಿಸುತ್ತದೆ. ಹೀಗಾಗಿ ಅದೇ ಹುಡುಗ ಒಂದು ಆಟದಲ್ಲಿ ದೊಡ್ಡ ತಾರೆ, ಇನ್ನೊಂದರಲ್ಲಿ ಸಾಧಾರಣ. ಆ ಅಂಕವೂ ಬರೀ ಮಿತಿ, ತಲುಪಿಯೇ ತಲುಪುತ್ತಾನೆ ಎಂದಲ್ಲ. ಒಳ್ಳೆಯ ತರಬೇತಿ ಬೇಕು, ಪಂದ್ಯ ಆಡಲು ಅವಕಾಶ ಬೇಕು, ಗಾಯ ತಪ್ಪಬೇಕು, ಹುಡುಗನಲ್ಲಿ ಶಿಸ್ತು ಬೇಕು. ತಂಡದ ಹಿರಿಯ ಆಟಗಾರರ ಗುಂಪಿಗೆ ಸೇರಿಸಿದರೆ ಅವರ ಗುಣ ಅವನಿಗೆ ಹತ್ತುತ್ತದೆ ಎಂಬುದನ್ನು ಕೂಡ ಆಟದಲ್ಲಿ ಅಳವಡಿಸಿದ್ದಾರೆ. ಪ್ರತಿವರ್ಷ ಹೊಸ ಆವೃತ್ತಿ ಬರುವಾಗ ಸಂಶೋಧಕರು ಎಲ್ಲ ಅಂಕಗಳನ್ನೂ ಮತ್ತೆ ನೋಡಿ ತಿದ್ದುತ್ತಾರೆ. ನಮ್ಮಲ್ಲಿ ಎಸೆಸೆಲ್ಸಿ ಮಾರ್ಕು ಮದುವೆ ಮಾತುಕತೆಯವರೆಗೂ ಹುಡುಗನ ಹಿಂದೆ ಬರುತ್ತದೆ!

ಯಾರ ಕಣ್ಣಿಗೂ ಬೀಳದವರು

ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಹದಿನಾರರಲ್ಲಿ ಹೆಚ್ಚು ಅಂಕ ಸಿಕ್ಕಿ ಮುಳುಗಿದವರಂತೆ, ಅಂಕವೇ ಸಿಗದೆ ಎದ್ದವರೂ ಇದ್ದಾರೆ. ಅವರಲ್ಲಿ ಕೆಲವರ ಹೆಸರು ನಮ್ಮ ಹುಡುಗರ ಬಾಯಲ್ಲೇ ಉಂಟು.

ಎನ್‌ಗೊಲೊ ಕಾಂಟೆ. ಮಾಲಿ ದೇಶದಿಂದ ಬಂದು ಪ್ಯಾರಿಸ್‌ನಲ್ಲಿ ನೆಲೆಸಿದ ಬಡ ಕುಟುಂಬದ ಹುಡುಗ, ಸಣ್ಣಂದಿನಲ್ಲೇ ತಂದೆ ತೀರಿಕೊಂಡಿದ್ದರು. ‘ಗಿಡ್ಡ’ ಎಂದು ದೊಡ್ಡ ಅಕಾಡೆಮಿಗಳು ತೆಗೆದುಕೊಳ್ಳಲಿಲ್ಲ. ಇಪ್ಪತ್ತೊಂದು ದಾಟಿದರೂ ಫ್ರಾನ್ಸಿನ ಮೂರನೇ ಹಂತದ ಬೊಲೋನ್ ತಂಡದಲ್ಲಿದ್ದರು. ಅಲ್ಲಿಂದ ಕಾನ್, 2015ರಲ್ಲಿ ಲೆಸ್ಟರ್. 2016ರಲ್ಲಿ ಲೆಸ್ಟರ್ ಇಂಗ್ಲೆಂಡಿನ ಚಾಂಪಿಯನ್, 2017ರಲ್ಲಿ ಚೆಲ್ಸಿ ಪರ ಮತ್ತೆ ಚಾಂಪಿಯನ್, 2018ರಲ್ಲಿ ಫ್ರಾನ್ಸಿಗೆ ವಿಶ್ವಕಪ್. ಲೆಸ್ಟರ್‌ನ ಅದೇ ತಂಡದಲ್ಲಿದ್ದ ಅಲ್ಜೀರಿಯಾದ ರಿಯಾದ್ ಮಹ್ರೆಝ್ ಅವರನ್ನೂ 2014ರಲ್ಲಿ ಫ್ರಾನ್ಸಿನ ಎರಡನೇ ಹಂತದಿಂದ ಸಣ್ಣ ಮೊತ್ತಕ್ಕೆ ತಂದಿದ್ದರು. ಎರಡು ವರ್ಷದಲ್ಲಿ ಅವರು ಇಂಗ್ಲೆಂಡಿನ ವರ್ಷದ ಆಟಗಾರ.

ಮುಹಮ್ಮದ್ ಸಲಾಹ್ ಕತೆ ಬೇರೆ. ಈಜಿಪ್ಟಿನ ನಗ್ರಿಗ್ ಎಂಬ ಹಳ್ಳಿಯಿಂದ ಕೈರೋಗೆ ತರಬೇತಿಗೆ ಹೋಗಲು ನಾಲ್ಕೈದು ಬಸ್ಸು ಬದಲಾಯಿಸಿ ಗಂಟೆಗಟ್ಟಲೆ ಪ್ರಯಾಣ ಮಾಡುತ್ತಿದ್ದ ಹುಡುಗ. ಚೆಲ್ಸಿಗೆ ಬಂದಾಗ ಬೆಂಚು ಕಾದರು, ‘ಇಂಗ್ಲೆಂಡಿಗೆ ಆಗದವನು’ ಎಂಬ ಹಣೆಪಟ್ಟಿ ಬಿತ್ತು. 2017ರಲ್ಲಿ ಲಿವರ್‌ಪೂಲ್ ಅವರನ್ನು ರೋಮಾದಿಂದ ತರುವಾಗ ಆ ಕ್ಲಬ್ಬಿನ ಅಂಕಿ ಅಂಶ ವಿಭಾಗದವರು ಹಣೆಪಟ್ಟಿ ನೋಡಲಿಲ್ಲ, ಲೆಕ್ಕ ನೋಡಿದರು. ಆ ವಿಭಾಗದ ಮುಖ್ಯಸ್ಥ ಇಯಾನ್ ಗ್ರಹಾಂ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು. ಮೊದಲ ಋತುವಿನಲ್ಲೇ ಸಲಾಹ್ ಲೀಗ್‌ನಲ್ಲಿ 32 ಗೋಲು ಹೊಡೆದರು. ಅಂಕಿಯಿಂದ ಹುಡುಗನಿಗೆ ಕೇಡಾಗುವುದೂ ಉಂಟು, ಜನರ ಬಾಯಿಂದ ಅವನನ್ನು ಬಿಡಿಸುವುದೂ ಉಂಟು.

ಅಂದ ಹಾಗೆ, ಆ ಮೂವತ್ತು ಚಿಲ್ಲರೆ ಗುಣಗಳ ಪಟ್ಟಿಯಲ್ಲಿ ‘ದಮ್ಮು’ ಉಂಟು, ಉಪವಾಸ ಇಲ್ಲ. 2021ರ ರಂಝಾನ್‌ನಲ್ಲಿ ಲೆಸ್ಟರ್ ಮತ್ತು ಕ್ರಿಸ್ಟಲ್ ಪ್ಯಾಲೇಸ್ ಪಂದ್ಯದ ಮಧ್ಯೆ ಸೂರ್ಯ ಮುಳುಗಿದಾಗ, ವೆಸ್ಲಿ ಫೊಫಾನಾ ಮತ್ತು ಶೇಖು ಕುಯಾಟೆ ಉಪವಾಸ ಬಿಡಲಿ ಎಂದು ಗೋಲ್‌ಕಿಕ್ ಹೊತ್ತಿಗೆ ಆಟ ಸ್ವಲ್ಪ ನಿಲ್ಲಿಸಿದ್ದನ್ನು ಎಷ್ಟೋ ಮಂದಿ ಟಿವಿಯಲ್ಲಿ ನೋಡಿದ್ದೀರಿ. ಇಡೀ ದಿನ ನೀರು ಕುಡಿಯದೆ ಪ್ರೀಮಿಯರ್ ಲೀಗ್ ಆಡಿದವನ ದಮ್ಮಿಗೆ 20ರಲ್ಲಿ ಎಷ್ಟು ಕೊಡಬೇಕೋ!

ಆಟ ಆಡಿ ಕೋಚ್ ಆಗಬಹುದಾ?

ಕೆಲವು ಹುಡುಗರು ಮನೆಯಲ್ಲಿ ಈ ವಾದ ಮಾಡುತ್ತಾರೆ. ‘ದೊಡ್ಡ ಕ್ಲಬ್ಬಿನವರೇ ಇದನ್ನು ನೋಡಿ ಆಟಗಾರರನ್ನು ಕೊಳ್ಳುತ್ತಾರೆ ಬಾಪ.’ ಅದರಲ್ಲಿ ಸತ್ಯ ಇಲ್ಲದಿಲ್ಲ. 2008ರಲ್ಲಿ ಇಂಗ್ಲೆಂಡಿನ ಎವರ್ಟನ್ ಕ್ಲಬ್ ಈ ಆಟದ ಮಾಹಿತಿ ಭಂಡಾರವನ್ನು ಆಟಗಾರರನ್ನು ಹುಡುಕಲು ಬಳಸಿಕೊಳ್ಳುವುದಕ್ಕೆ ಒಪ್ಪಂದ ಮಾಡಿಕೊಂಡಿತು. ಸ್ಕಾಟ್ಲೆಂಡಿನ ರೇಂಜರ್ಸ್ ತಂಡದ ಮ್ಯಾನೇಜರ್ ಆಗಿದ್ದ ಅಲೆಕ್ಸ್ ಮೆಕ್ಲೀಶ್ ಒಂದು ಮಜಾ ಹೇಳಿಕೊಂಡಿದ್ದಾರೆ. ಬಾರ್ಸಿಲೋನಾದಲ್ಲಿ ಮೆಸ್ಸಿ ಎಂಬ ಹುಡುಗ ಇದ್ದಾನೆ, ಅವನನ್ನು ತರಿಸಿ ಎಂದು ಈ ಆಟ ಆಡುತ್ತಿದ್ದ ಅವರ ಮಗನೇ ಮೊದಲು ಹೇಳಿದ್ದಂತೆ. ಬಾರ್ಸಿಲೋನಾ ಕೊಡಲಿಲ್ಲ ಬಿಡಿ.

ಇನ್ನೊಂದು ಹೆಸರು ವಿಲ್ ಸ್ಟಿಲ್. 2022ರಲ್ಲಿ ಫ್ರಾನ್ಸಿನ ರೆಮ್ಸ್ ತಂಡದ ಹೊಣೆ ವಹಿಸಿಕೊಂಡಾಗ ಅವರಿಗೆ ಮೂವತ್ತು ವರ್ಷ. ಕೋಚಿಂಗ್‌ನ ಅತಿ ಉನ್ನತ ಲೈಸೆನ್ಸ್ ಇರಲಿಲ್ಲವಾದ್ದರಿಂದ ಕ್ಲಬ್ ಪಂದ್ಯವೊಂದಕ್ಕೆ 25,000 ಯೂರೊ ದಂಡ ಕಟ್ಟಿ ಅವರನ್ನು ಉಳಿಸಿಕೊಂಡಿತು. ‘ಫುಟ್‌ಬಾಲ್ ಮ್ಯಾನೇಜರ್ ಆಡಿ ಕೋಚ್ ಆದವನು’ ಎಂದು ಪತ್ರಿಕೆಗಳೆಲ್ಲ ಬರೆದವು. ಚಿಕ್ಕಂದಿನಲ್ಲಿ ಆಡಿದ್ದು ನಿಜವೇ. ಆದರೆ ಅವರು ಇಂಗ್ಲೆಂಡಿನ ಕಾಲೇಜಿನಲ್ಲಿ ಕೋಚಿಂಗ್ ಓದಿದರು, ಬೆಲ್ಜಿಯಂನ ಕ್ಲಬ್ಬಿನಲ್ಲಿ ವರ್ಷಗಟ್ಟಲೆ ಎದುರಾಳಿಗಳ ವಿಡಿಯೋ ಕತ್ತರಿಸಿ ವಿಶ್ಲೇಷಣೆ ಮಾಡುವ ಕೆಲಸದಲ್ಲಿದ್ದರು. ಆ ಭಾಗವನ್ನು ನಮ್ಮ ಹುಡುಗರು ಹೇಳುವುದಿಲ್ಲ.

ಹೇಳಬೇಕಾದದ್ದು ಅದೇ. ಆಟದ ವಿಡಿಯೋ ಮತ್ತು ಅಂಕಿ ಅಂಶ ವಿಶ್ಲೇಷಿಸುವುದು ಈಗ ಫುಟ್‌ಬಾಲ್‌ನಲ್ಲೂ ಕ್ರಿಕೆಟ್‌ನಲ್ಲೂ ಸಂಬಳದ ಕೆಲಸ. ಸ್ಟಾಟಿಸ್ಟಿಕ್ಸ್, ಕಂಪ್ಯೂಟರ್ ಓದುವ ಮಗನಿಗೆ ಆಟದ ಹುಚ್ಚೂ ಇದ್ದರೆ, ಗಲ್ಫಿನ ವೀಸಾ ಒಂದೇ ದಾರಿ ಎಂದು ಕೂರಬೇಕಾಗಿಲ್ಲ. ಲ್ಯಾಪ್‌ಟಾಪಿನಲ್ಲಿ ಕಪ್ ಗೆದ್ದ ಮಾತ್ರಕ್ಕೆ ಆ ಕೆಲಸ ಸಿಗುತ್ತದೆ ಎಂದಲ್ಲ ಮಾರಾಯ್ರೆ.

ಮನೆಯವರು ಕೇಳುವ ಪ್ರಶ್ನೆಗಳು

ಮೊದಲ ಪ್ರಶ್ನೆ, ಇದು ಜೂಜಾ? ಅಲ್ಲ. ಕಂಪ್ಯೂಟರಿನ ಆಟವನ್ನು ಒಮ್ಮೆ ಕೊಂಡರೆ ಆಯಿತು. ಪಣ ಕಟ್ಟಲಿಕ್ಕಿಲ್ಲ, ಗೆದ್ದರೆ ಕೈಗೆ ಬರುವ ಹಣವೂ ಇಲ್ಲ. ಕೋಟಿಗಟ್ಟಲೆ ವ್ಯವಹಾರ ನಡೆದರೂ ಎಲ್ಲ ಪರದೆಯೊಳಗೆ. ಹಣ ಹಾಕಿ ತಂಡ ಕಟ್ಟುವ ಫ್ಯಾಂಟಸಿ ಆ್ಯಪ್‌ಗಳ ಕತೆ ಬೇರೆ. ಅಂಥ ಹಣದ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಪಾಸು ಮಾಡಿದೆ. ಎರಡನ್ನೂ ಒಂದೇ ಎಂದು ಬಯ್ದರೆ ಹುಡುಗ ನಿಮ್ಮ ಮಾತನ್ನು ಕೇಳುವುದು ಬಿಡುತ್ತಾನೆ. ಒಂದು ಎಚ್ಚರ ಮಾತ್ರ ಇರಲಿ. ಋತುವಿನ ಮೊದಲು ಯಾವ ತಂಡ ಗೆಲ್ಲಬಹುದು ಎಂಬುದನ್ನು ಈ ಆಟದಲ್ಲಿ ಬೆಟ್ಟಿಂಗ್ ದರದ ರೂಪದಲ್ಲಿ ತೋರಿಸುವುದುಂಟು. ಅದೇನು ಎಂದು ಮಗ ಕೇಳುವ ಮೊದಲೇ ಹೇಳಿಕೊಡುವುದು ಒಳ್ಳೆಯದು.

ಎರಡನೆಯದು ಸಮಯ. ಇದರಲ್ಲಿ ಸುಳ್ಳು ಹೇಳಿ ಪ್ರಯೋಜನ ಇಲ್ಲ, ಇದು ಹೊತ್ತು ತಿನ್ನುವ ಆಟ. ‘ಇನ್ನೊಂದು ಮ್ಯಾಚ್’ ಎಂದು ಕೂತವನಿಗೆ ಸುಬ್‌ಹಿ ಬಾಂಗ್ ಕೇಳಿದರೆ ಆಶ್ಚರ್ಯ ಇಲ್ಲ. ಈ ಆಟದ ಗೀಳಿನ ಬಗ್ಗೆಯೇ ಬ್ರಿಟನ್ನಿನಲ್ಲಿ 2012ರಲ್ಲಿ ಒಂದು ಪುಸ್ತಕ ಬಂದಿದೆ. ವಿಚ್ಛೇದನದ ಅರ್ಜಿಗಳಲ್ಲೂ ಇದರ ಹೆಸರು ಬಂದಿದೆ ಎಂದು ಅಲ್ಲಿನ ಪತ್ರಿಕೆಗಳು ಬರೆದಿವೆ. ಹಳೆಯ ಆವೃತ್ತಿಗಳಲ್ಲಿ ನೀವು ಎಷ್ಟು ಗಂಟೆ ಆಡಿದ್ದೀರಿ ಎಂದು ಲೆಕ್ಕ ತೋರಿಸಿ, ಗೀಳು ಎಷ್ಟಾಗಿದೆ ಎಂದು ಆಟವೇ ತಮಾಷೆ ಮಾಡುತ್ತಿತ್ತು!

ಆದರೆ ಇದರಲ್ಲಿ ಒಂದು ಅನುಕೂಲ ಉಂಟು, ಅದನ್ನು ಉಮ್ಮಂದಿರು ತಿಳಿದಿರಬೇಕು. ಗನ್ ಹಿಡಿದು ಆಡುವ ಆನ್‌ಲೈನ್ ಆಟಗಳಲ್ಲಿ ‘ಈಗ ಬಿಡ್ಲಿಕ್ಕೆ ಆಗುದಿಲ್ಲ ಉಮ್ಮ, ಟೀಮ್ ಉಂಟು’ ಎನ್ನುತ್ತಾರೆ. ಇಲ್ಲಿ ಸಾಮಾನ್ಯವಾಗಿ ಎದುರಿಗೆ ಯಾರೂ ಕಾಯುತ್ತಿರುವುದಿಲ್ಲ. ಪಂದ್ಯದ ಮಧ್ಯದಲ್ಲೂ ನಿಲ್ಲಿಸಿ ನಮಾಝಿಗೆ ಎದ್ದು ಹೋಗಬಹುದು, ಬಂದಾಗ ಸ್ಕೋರ್ ಅಲ್ಲೇ ಇರುತ್ತದೆ. ನೆಪ ಹೇಳಿದರೆ ಒಪ್ಪಬೇಡಿ. ಇನ್ನೊಂದು ಮಾತು, 2023ರ ಕೊನೆಯಲ್ಲಿ ಬಂದ ಆವೃತ್ತಿಯಿಂದ ಇದರ ಮೊಬೈಲ್ ರೂಪ ನೆಟ್‌ಫ್ಲಿಕ್ಸ್ ಮೂಲಕ ಸಿಗುತ್ತದೆ. ಮನೆಯಲ್ಲಿ ಸೀರಿಯಲ್ ನೋಡಲು ಕಟ್ಟಿದ ಚಂದಾದಲ್ಲಿ ಮಗನ ಫೋನಿಗೂ ಆಟ ಬಂದಿರಬಹುದು, ಒಮ್ಮೆ ನೋಡಿಕೊಳ್ಳಿ.

ಮೂರನೆಯದು ಲಾಭ ಎಂತ? ಭೂಗೋಳ ಬರುತ್ತದೆ, ಅದಂತೂ ಖಂಡಿತ. ಬುರ್ಕಿನಾ ಫಾಸೊ ಎಲ್ಲಿದೆ ಎಂದು ಕೇಳಿ ನೋಡಿ, ಥಟ್ಟನೆ ಹೇಳುತ್ತಾನೆ. 1998ರಲ್ಲಿ ಫಿಫಾ ಸೇರಿದ ಫೆಲೆಸ್ತೀನ್ ಕೂಡ ಆಟದ ದೇಶಗಳ ಪಟ್ಟಿಯಲ್ಲಿದೆ. ತೈವಾನ್, ಟಿಬೆಟ್‌ಗಳನ್ನು ಬೇರೆ ದೇಶಗಳೆಂದು ತೋರಿಸಿದ್ದಕ್ಕೆ 2004ರಲ್ಲಿ ಚೀನಾ ಈ ಆಟವನ್ನೇ ನಿಷೇಧಿಸಿತ್ತು. ಆಟ ಮಾಡುವ ಸಂಸ್ಥೆ ಮಾರಾಟದ ಹಣದಲ್ಲಿ ಒಂದು ಪಾಲನ್ನು ಎಷ್ಟೋ ವರ್ಷಗಳಿಂದ ವಾರ್ ಚೈಲ್ಡ್ ಎಂಬ ಸಂಸ್ಥೆಗೆ ಕೊಡುತ್ತಿದೆ. ಯಮನ್, ಅಫ್ಘಾನಿಸ್ತಾನ, ಇರಾಕ್‌ನಂಥ ಕಡೆ ಯುದ್ಧದಲ್ಲಿ ಸಿಕ್ಕಿಬಿದ್ದ ಮಕ್ಕಳಿಗಾಗಿ ಕೆಲಸ ಮಾಡುವ ಸಂಸ್ಥೆ ಅದು.

ಈಗ ಹೊಸ ಸುದ್ದಿಯೊಂದು ಉಂಟು. ಪ್ರತಿವರ್ಷ ತಪ್ಪದೆ ಬರುತ್ತಿದ್ದ ಈ ಆಟದ 2025ರ ಆವೃತ್ತಿ ಬರಲೇ ಇಲ್ಲ. ಎಲ್ಲವನ್ನೂ ಹೊಸ ತಂತ್ರಜ್ಞಾನಕ್ಕೆ ಬದಲಾಯಿಸಲು ಹೋಗಿ ಕೈಕೊಟ್ಟಿತು, ಫೆಬ್ರವರಿಯಲ್ಲಿ ರದ್ದು ಮಾಡಿದರು. 2025ರ ನವೆಂಬರ್‌ನಲ್ಲಿ ಬಂದ ‘ಫುಟ್‌ಬಾಲ್ ಮ್ಯಾನೇಜರ್ 26’ರ ಪರದೆಯ ವಿನ್ಯಾಸ ಹಳೆಯ ಅಭಿಮಾನಿಗಳಿಗೆ ಹಿಡಿಸದೆ ದೊಡ್ಡ ಗಲಾಟೆಯಾಯಿತು. ಗಲಾಟೆಯಲ್ಲಿ ಮುಖ್ಯ ವಿಷಯ ಮುಚ್ಚಿಹೋಯಿತು ಎಂಬುದು ನಮ್ಮ ಅಭಿಪ್ರಾಯ. ಮೊದಲ ಬಾರಿ ಮಹಿಳಾ ಲೀಗ್‌ಗಳು ಆಟದೊಳಗೆ ಬಂದಿವೆ. 2023ರ ಮಹಿಳಾ ವಿಶ್ವಕಪ್‌ನಲ್ಲಿ ಮೊರಾಕೊದ ನುಹೈಲಾ ಬೆಂಝೀನಾ ಹಿಜಾಬ್ ಧರಿಸಿ ಆಡಿದ ಮೊದಲಿಗರಾದರು. ಇಷ್ಟು ದಿನ ಅಣ್ಣನ ಬೆನ್ನ ಹಿಂದೆ ನಿಂತು ಪರದೆ ನೋಡುತ್ತಿದ್ದ ತಂಗಿಗೂ ಈಗ ಅಲ್ಲಿ ಹುಡುಕಲು ಹೆಸರುಗಳಿವೆ.

ನಮ್ಮ ಮೈದಾನಕ್ಕೆ ಅಂಕ ಬರೆಯುವವರು?

ಈ ಸರಣಿಯ ಹಲವು ಆವೃತ್ತಿಗಳಲ್ಲಿ ಭಾರತದ ಲೀಗ್‌ಗಳನ್ನೂ ಆಡಬಹುದು. ಬೆಂಗಳೂರು ಎಫ್‌ಸಿಯ ಮ್ಯಾನೇಜರ್ ಆಗಿ ಏಷ್ಯಾದ ಕಪ್‌ಗೆ ಪ್ರಯತ್ನಿಸಿದ ಹುಡುಗರು ನಮ್ಮಲ್ಲೂ ಇದ್ದಾರೆ. 2025ರ ಜುಲೈಯಲ್ಲಿ ನಿಜವಾದ ಐಎಸ್‌ಎಲ್ ಆಡಳಿತದ ಜಗಳದಲ್ಲಿ ಅತಂತ್ರವಾಗಿ ನಿಂತಾಗಲೂ ಕಂಪ್ಯೂಟರಿನ ಐಎಸ್‌ಎಲ್ ಟೈಮಿಗೆ ಸರಿಯಾಗಿ ಶುರುವಾಗುತ್ತಿತ್ತು. ಬೆಂಗಳೂರಿನ ಆಟಗಾರರ ಪುಟ ತೆರೆದರೆ ಅಲ್ಲೂ 20ರೊಳಗಿನ ಅಂಕಗಳು, ಅಂದರೆ ಅವರನ್ನೂ ಯಾರೋ ಕೂತು ನೋಡಿ ಬರೆದಿದ್ದಾರೆ.

ಕೆಳಗೆ ಇಳಿದಷ್ಟೂ ಪುಟಗಳು ಖಾಲಿ. ಇಂಗ್ಲೆಂಡಿನಲ್ಲಿ ಆರೇಳು ಹಂತ ಕೆಳಗಿನ ಕ್ಲಬ್ಬಿಗೂ ನೋಡಿ ಬರೆಯುವ ಒಬ್ಬ ಅಭಿಮಾನಿ ಸಿಗುತ್ತಾನೆ. ಮಂಗಳೂರಿನ ಜಿಲ್ಲಾ ಲೀಗ್‌ನಲ್ಲಿ ಬರಿಗಣ್ಣಿಗೆ ಎದ್ದು ಕಾಣುವ ಹುಡುಗನಿಗೆ ಯಾವ ಆವೃತ್ತಿಯಲ್ಲೂ ಪುಟವಿಲ್ಲ. ಆಟದ ವಿಷಯ ಬಿಡಿ, ಅವನು ಋತುವಿನಲ್ಲಿ ಎಷ್ಟು ಪಂದ್ಯ ಆಡಿದ, ಎಷ್ಟು ಗೋಲು, ಯಾವ ಕಾಲಿನಲ್ಲಿ ಹೊಡೆದ ಎಂಬುದನ್ನು ಯಾರಾದರೂ ಒಂದು ನೋಟ್‌ಬುಕ್ಕಿನಲ್ಲಾದರೂ ಬರೆದಿಡುವುದುಂಟಾ? ಹೊರಗಿನಿಂದ ಕೋಚ್ ಒಬ್ಬರು ಬಂದು ಕೇಳಿದರೆ ‘ಒಳ್ಳೆ ಆಡ್ತಾನೆ ಸಾರ್’ ಎಂದು ಬಾಯಲ್ಲಿ ಹೇಳಬೇಕು ಅಷ್ಟೆ.

ಲ್ಯಾಪ್‌ಟಾಪ್ ಮುಂದೆ ಕೂರುವ ಮಗನಿಗೆ ಈ ಕೆಲಸ ಗೊತ್ತು. ಏನನ್ನು ನೋಡಬೇಕು, ಏನನ್ನು ಬೇರೆ ಬೇರೆ ಬರೆಯಬೇಕು ಎಂಬುದು ಅವನಿಗೆ ಬಾಯಿಪಾಠ. ಮುಂದಿನ ಪಂದ್ಯಕ್ಕೆ ಅವನನ್ನು ಕರೆದುಕೊಂಡು ಅಸರ್ ನಮಾಝ್ ಮುಗಿಸಿ ನೆಹರೂ ಮೈದಾನದ ಬದಿಯಲ್ಲಿ ಕೂತುಕೊಳ್ಳಿ. ಬಲಬದಿಯಲ್ಲಿ ಓಡುವ ಆ ಸಪೂರ ಹುಡುಗನಿಗೆ ವೇಗಕ್ಕೆ ಎಷ್ಟು ಕೊಡುತ್ತೀ ಎಂದು ಕೇಳಿ. ಅವನು ಹದಿಮೂರು ಎನ್ನುತ್ತಾನೆ. ನಿಮಗೆ ಹದಿನಾರು ಎಂದು ತೋರಿದರೆ ಬಿಡಬೇಡಿ, ವಾದ ಮಾಡಿ. ಆದರೆ ಹುಡುಗನ ಹೆಸರು, ತಂಡ, ತಾರೀಕು ಮಾತ್ರ ಬರೆದಿಟ್ಟುಕೊಳ್ಳಲು ಹೇಳಿ. ಮುಂದಿನ ವರ್ಷ ಮತ್ತೆ ನೋಡಿ ತಿದ್ದಲಿಕ್ಕೆ ಬೇಕಾಗುತ್ತದೆ.